ಏನನ್ನೂ ತೀರ್ಮಾನಿಸದ ಪಂದ್ಯಕ್ಕೆ ಹೋಗು

ಮಗಳೇ, ಮೊದಲೇ ಹೇಳಿಬಿಡುತ್ತೇನೆ: 2025ರ ಏಪ್ರಿಲ್ 12ರ ರಾತ್ರಿ ನಮ್ಮ ಬೆಂಗಳೂರು ಎಫ್‌ಸಿ, ಅಂದರೆ ಬಿಎಫ್‌ಸಿ, ಐಎಸ್ಎಲ್ ಫೈನಲ್ ಸೋತಾಗ ನೀನು ಅತ್ತೆಯಲ್ಲ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನ, ಎದುರಿಗೆ ಮೋಹನ್ ಬಾಗಾನ್, ಗ್ಯಾಲರಿಯೆಲ್ಲ ಅವರದೇ ಜನ. 49ನೇ ನಿಮಿಷಕ್ಕೆ ಅವರದೇ ಡಿಫೆಂಡರ್ ಕಾಲಿಗೆ ತಾಗಿದ ಚೆಂಡು ಅವರ ಗೋಲಿಗೇ ಹೋಗಿ ನಾವು ಮುಂದಿದ್ದೆವು. ಆಮೇಲೆ ಒಂದು ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್ಲಾರೆನ್ ಹೊಡೆದ ಒಂದು ಗೋಲು, ಅಲ್ಲಿಗೆ ಮುಗಿಯಿತು. ಅಂಥ ರಾತ್ರಿ ಗಂಟಲು ಕಟ್ಟದಿದ್ದರೆ ಅದೆಂಥ ಅಭಿಮಾನ? 'ಇಪ್ಪತ್ತೆರಡು ಜನ ಒಂದು ಚೆಂಡಿನ ಹಿಂದೆ ಓಡಿದರೆ ಇವಳು ಯಾಕೆ ಊಟ ಬಿಡಬೇಕು' ಅಂತ ನಿಮ್ಮಪ್ಪ ಕೇಳಿದನಂತೆ. ಅವನ ಮಾತು ತಲೆಗೆ ಹಚ್ಚಿಕೊಳ್ಳಬೇಡ. 'ಈ ಸಲ ಕಪ್ ನಮ್ದೇ' ಅಂತ ಆರ್‌ಸಿಬಿಯ ಹಿಂದೆ ಹದಿನೇಳು ಐಪಿಎಲ್ ಬರಿಗೈಲಿ ಕಳೆದವನು ಅವನು. ಇನ್ನೊಬ್ಬರ ಊಟದ ವಿಚಾರಕ್ಕೆ ಬರುವ ಅಧಿಕಾರ ಅವನಿಗಿಲ್ಲ.

ನನ್ನ ತಕರಾರು ಇರುವುದು ಅದೇ ಸೀಸನ್ನಿನ ಜನವರಿಯ ಬಗ್ಗೆ. ಮೊಹಮ್ಮಡನ್ ಸ್ಪೋರ್ಟಿಂಗ್‌ನವರು ನಮ್ಮ ಕಂಠೀರವ ಸ್ಟೇಡಿಯಂಗೆ ಬಂದು, ಪಂದ್ಯ ಮುಗಿಯುವ ಹೊತ್ತಿಗೆ ಒಂದು ಫ್ರೀ ಕಿಕ್ ಹೊಡೆದು, 1–0 ಗೆದ್ದು ಹೋದರು. ಆ ವರ್ಷ ಪಟ್ಟಿಯ ತಳದಲ್ಲೇ ಉಳಿದ ತಂಡ ಅದು. ಮಾರನೆಯ ದಿನ ನೀನು ಫೋನಿನಲ್ಲಿ, 'ಇನ್ನು ನಾನು ಬರಲ್ಲ ದೊಡ್ಡಪ್ಪ, ಪ್ಲೇ-ಆಫ್‌ಗೆ ಹೋದರೆ ಹೇಳಿ' ಅಂದೆ. ಸೋತಾಗ ಅಳುವವಳು ನನಗೆ ಅರ್ಥವಾಗುತ್ತಾಳೆ. ಪ್ಲೇ-ಆಫ್ ಬಂದಾಗ ಹೇಳಿ ಅನ್ನುವವಳಿಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿತು. ಹಿರಿಯರ ಮಾತು ಅಂತ ಪೂರ್ತಿ ಒಪ್ಪಬೇಕಿಲ್ಲ, ಕೇಳಿಸಿಕೋ ಸಾಕು.

ಫೈನಲ್‌ಗೆ ಯಾರು ಬೇಕಾದರೂ ಹೋಗುತ್ತಾರೆ. ಟಿಕೆಟ್‌ಗೆ ಕಿತ್ತಾಟ, ಕಂಪನಿಯವರ ಪಾಸು, ಟೀವಿಯವರ ದೀಪ, ಸಿನಿಮಾದವರು, ಎಲ್ಲ ಇರುತ್ತದೆ. ನೀನು ಹೋಗಬೇಕಾದದ್ದು ಏನನ್ನೂ ತೀರ್ಮಾನಿಸದ ಪಂದ್ಯಕ್ಕೆ. ಪಟ್ಟಿಯಲ್ಲಿ ಏಳನೆಯವರೂ ಹತ್ತನೆಯವರೂ ಒಂದು ಗುರುವಾರ ರಾತ್ರಿ ಏಳೂವರೆಗೆ ಆಡುತ್ತಿರುತ್ತಾರೆ ನೋಡು, ಅದಕ್ಕೆ.

ಯಾಕೆ ಅಂತ ಕೇಳುತ್ತೀಯ. ದೊಡ್ಡ ಪಂದ್ಯಗಳ ಮೇಲೆ ಭಾರ ಹಾಕಿದವರಿಗೆ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. 2017–18ರಲ್ಲಿ ನಾವು ಐ-ಲೀಗ್ ಬಿಟ್ಟು ಐಎಸ್ಎಲ್‌ಗೆ ಹೊಸದಾಗಿ ಬಂದಿದ್ದೆವು. ಕೋಚ್ ಆಲ್ಬರ್ಟ್ ರೋಕಾ. 18 ಪಂದ್ಯಕ್ಕೆ 40 ಪಾಯಿಂಟ್; ಎರಡನೆಯ ಸ್ಥಾನದ ಚೆನ್ನೈಯಿನ್‌ಗೂ ನಮಗೂ 8 ಪಾಯಿಂಟ್ ಅಂತರ. ಬೇರೆ ಬಹುಪಾಲು ದೇಶಗಳ ಲೀಗ್ ಆಗಿದ್ದರೆ ಅಷ್ಟಕ್ಕೇ ಚಾಂಪಿಯನ್ ಅಂತ ಮೆರವಣಿಗೆ ಮಾಡುತ್ತಿದ್ದರು. ನಮ್ಮಲ್ಲಿ ಆಗ ಪಟ್ಟಿಯ ಮೇಲೆ ನಿಂತವರಿಗೆ ಒಂದು ಶೀಲ್ಡ್ ಕೂಡ ಇರಲಿಲ್ಲ. ಅದು ಬಂದದ್ದು 2019–20ರಲ್ಲಿ. ಕಪ್ಪು ಬೇಕಾದರೆ ಫೈನಲ್ ಗೆಲ್ಲಬೇಕು. ಫೈನಲ್ ನಮ್ಮ ಕಂಠೀರವದಲ್ಲೇ, 2018ರ ಮಾರ್ಚ್ 17ರಂದು. 9ನೇ ನಿಮಿಷಕ್ಕೆ ಸುನಿಲ್ ಛೆಟ್ರಿ ನೆಲಕ್ಕೆ ಹಾರಿ ತಲೆಯಿಂದ ಗೋಲು ಹೊಡೆದಾಗ ಸ್ಟೇಡಿಯಂನ ಕಬ್ಬಿಣ ನಡುಗಿದ್ದು ಕಾಲಿಗೆ ಗೊತ್ತಾಯಿತು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಸಲ ತಲೆಕೊಟ್ಟ. 3–2, ನಾವು ಸೋತೆವು. ಐದು ತಿಂಗಳ ಆಟ ಎರಡು ಕಾರ್ನರ್‌ನಲ್ಲಿ ಹೋಯಿತು.

ಮಾರನೆಯ ದಿನ ಯುಗಾದಿ. ಆ ಬೆಳಿಗ್ಗೆ ಬೇವು-ಬೆಲ್ಲದ ಬಟ್ಟಲು ಹಿಡಿದುಕೊಂಡು ನನಗೆ ಬದುಕಿನ ಏಳುಬೀಳಿನ ಬಗ್ಗೆ ಉಪದೇಶ ಮಾಡಿದವರ ಮೇಲೆಲ್ಲ ಸಿಟ್ಟು ಬಂದಿತ್ತು. ಈಗಲೂ ಸ್ವಲ್ಪ ಇದೆ. ಹಾಗಾಗಿ ನಿನಗೆ ಆ ಉಪದೇಶ ಮಾಡುವುದಿಲ್ಲ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಎಫ್‌ಸಿ ಗೋವಾ ಎದುರು ಇನ್ನೊಂದು ಫೈನಲ್. ಆ ಸಲ ಕಾರ್ಲ್ಸ್ ಕ್ವಾಡ್ರಾಟ್ ಕೋಚ್. ಹಿಂದಿನ ವರ್ಷದಷ್ಟು ಭರ್ಜರಿಯಾಗಿ ಏನೂ ಆಡಿರಲಿಲ್ಲ. ನಮಗೂ ಗೋವಾಕ್ಕೂ ಸಮಸಮ 34 ಪಾಯಿಂಟ್, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ನಾವು ಮೇಲೆ. ಫೈನಲ್ 90 ನಿಮಿಷ ಗೋಲಿಲ್ಲದೆ ಎಳೆಯಿತು. ಹೆಚ್ಚುವರಿ ಸಮಯದಲ್ಲಿ ಗೋವಾದ ಜಾಹು ಕೆಂಪು ಕಾರ್ಡ್ ತಗೊಂಡು ಹೊರಗೆ ಹೋದ. 117ನೇ ನಿಮಿಷ, ಡಿಮಾಸ್ ಡೆಲ್ಗಾಡೋ ಕಾರ್ನರ್, ರಾಹುಲ್ ಭೇಕೆ ತಲೆ. ಕಪ್ಪು ಬಂತು. ಈಗ ನೀನೇ ಹೇಳು, ಎರಡು ವರ್ಷದಲ್ಲಿ ಯಾವುದು ಒಳ್ಳೆಯ ತಂಡ? ನನ್ನನ್ನು ಕೇಳಿದರೆ ಸೋತದ್ದೇ. ಆದರೆ ಕ್ಲಬ್ಬಿನ ಕಪಾಟಿನಲ್ಲಿ ಇರುವುದು ಎರಡನೆಯ ವರ್ಷದ್ದು. ಬರೀ ಕಪಾಟು ನೋಡುವವರಿಗೆ 2017–18 ಅನ್ನುವ ವರ್ಷ ನಡೆದೇ ಇಲ್ಲ. ಆ ನವೆಂಬರಿನಿಂದ ಫೆಬ್ರುವರಿವರೆಗೆ ವಾರವಾರ ಬಂದವರಿಗೆ ಮೀಕು ಓಡುತ್ತಿದ್ದದ್ದು, ಉದಾಂತ ಸಿಂಗ್ ಬಲಗಡೆಯ ಗೆರೆ ಹಿಡಿದು ನುಗ್ಗುತ್ತಿದ್ದದ್ದು ಇನ್ನೂ ಕಣ್ಣಲ್ಲಿದೆ. ಅದನ್ನು ಮೈಲ್ಸನ್ ಆಲ್ವೆಸ್ ಕಸಿದುಕೊಂಡು ಹೋಗಲಾಗಲಿಲ್ಲ.

(ಅಂದ ಹಾಗೆ, ನಮ್ಮ ಕ್ಲಬ್ಬಿನ ಅರ್ಧ ಚರಿತ್ರೆಯನ್ನು ಕಾರ್ನರ್ ಬಾವುಟದ ಪಕ್ಕ ಕೂತೇ ಬರೆಯಬಹುದು. 2015ರ ಮೇ 31, ಐ-ಲೀಗ್‌ನ ಕೊನೆಯ ದಿನ, ಇದೇ ಕಂಠೀರವ. ನಾವು ಗೆಲ್ಲಲೇಬೇಕು, ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ 87ನೇ ನಿಮಿಷದ ತನಕ ಪ್ರಶಸ್ತಿ ನಮ್ಮದೇ ಆಗಿತ್ತು. ಆಗ ಒಂದು ಕಾರ್ನರ್, ಬೆಲ್ಲೊ ರಜಾಕ್ ಎತ್ತರಕ್ಕೆ ಎದ್ದ. ಬಾಗಾನ್‌ಗೆ ಅದು 13 ವರ್ಷದ ನಂತರ ಬಂದ ರಾಷ್ಟ್ರೀಯ ಲೀಗ್. ಅಷ್ಟು ದೂರದಿಂದ ಬಂದು ನಮ್ಮ ಗ್ಯಾಲರಿಯ ಮೂಲೆಯಲ್ಲಿ ಕೂತಿದ್ದ ಅವರ ಕಡೆಯ ವಯಸ್ಸಾದವರು ಅಳುತ್ತಿದ್ದರು. ನಮ್ಮವರೂ ಅಳುತ್ತಿದ್ದರು. ಅವತ್ತಿನಿಂದ ನನಗೆ ಬಾಗಾನ್ ಮೇಲೆ ಹಟವಿದೆ, ದ್ವೇಷವಿಲ್ಲ. 13 ವರ್ಷ ಕಾದವರನ್ನು ದ್ವೇಷಿಸುವುದು ಕಷ್ಟ.)

ಈಗ ಜನವರಿಯ ವಿಚಾರಕ್ಕೆ ಬರೋಣ. 2024–25ರ ಆರಂಭ ನೆನಪಿದೆಯಲ್ಲ? ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಕಿರಿಯರ ತಂಡದಿಂದ ಮೇಲೆ ಬಂದ ವಿನಿತ್ ವೆಂಕಟೇಶ್ ಗೋಲು. ಮೊದಲ ಐದು ಪಂದ್ಯದಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಒಂದೂ ಗೋಲು ಬಿಡಲಿಲ್ಲ. ಅಕ್ಟೋಬರಿನಲ್ಲಿ ಕೊಚ್ಚಿಗೇ ಹೋಗಿ ಕೇರಳದವರನ್ನು 3–1ರಲ್ಲಿ ಸೋಲಿಸಿ ಬಂದರು. ಆಗ ನೀನು ನನಗೆ ಕಳಿಸಿದ ಮೆಸೇಜುಗಳಲ್ಲಿ ನಾವು ಆಗಲೇ ಚಾಂಪಿಯನ್ ಆಗಿದ್ದೆವು. ಡಿಸೆಂಬರಿನಲ್ಲಿ ಕೇರಳದ ಮೇಲೆ ಛೆಟ್ರಿಯ ಹ್ಯಾಟ್ರಿಕ್. ನಲವತ್ತು ದಾಟಿದ ಮನುಷ್ಯ! ಜನವರಿಯಲ್ಲಿ ಮೊಹಮ್ಮಡನ್ ಎದುರು ಸೋಲು, ಅದೇ ತಿಂಗಳು ಒಡಿಶಾ ಎದುರು 2–0 ಮುಂದಿದ್ದು 2–3ರ ಸೋಲು, ಆಮೇಲೆ ಕೋಲ್ಕತ್ತದಲ್ಲಿ ಬಾಗಾನ್ ಎದುರು ಇನ್ನೊಂದು. ಆಗ ನಿನ್ನ ಪ್ರಕಾರ ಕೋಚ್ ಜೆರಾರ್ಡ್ ಸರಗೋಸಾಗೆ ಆಟವೇ ಗೊತ್ತಿರಲಿಲ್ಲ. ಮಾರ್ಚ್ 29ಕ್ಕೆ ಅದೇ ಕೋಚಿನ ಅದೇ ತಂಡ ಅದೇ ಕಂಠೀರವದಲ್ಲಿ ಮುಂಬೈ ಸಿಟಿಯನ್ನು 5–0 ಬಡಿಯಿತು. ಅವತ್ತು ನಿನ್ನ ಮೆಸೇಜಿನಲ್ಲಿ ಆತ ಮಹಾನುಭಾವ. ಒಂದು ದಿನದ ಬಿಸಿಲು ನೋಡಿ ಬಿತ್ತನೆ ಬಿಡುವ ರೈತನನ್ನು ನಾನು ಕಂಡಿಲ್ಲ; ಒಂದು ಸೋಲು ನೋಡಿ ಕೋಚನ್ನು ಮನೆಗೆ ಕಳಿಸುವ ಅಭಿಮಾನಿಗಳನ್ನು ಮಾತ್ರ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕೋಚನ್ನು ಬೈಯಬೇಡ ಅಂತಲ್ಲ. ಬೈಯಲು ಕೂಡ ಆಟ ನೋಡಿರಬೇಕು ಅಂತ. ಮೊಹಮ್ಮಡನ್ ಪಂದ್ಯದಲ್ಲಿ ಚೆಂಡು ಬಹುಪಾಲು ನಮ್ಮ ಕಾಲಲ್ಲೇ ಇತ್ತು, ಗೋಲಿನ ಮುಂದೆ ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಒಡಿಶಾ ಪಂದ್ಯದ ಕತೆಯೇ ಬೇರೆ, ಅಲ್ಲಿ ಮುಂದಿದ್ದವರು ಹಿಂದೆ ಸರಿಯುತ್ತ ಹೋದದ್ದು. ಎರಡಕ್ಕೂ ಸ್ಕೋರು ನೋಡಿದವನು ಒಂದೇ ಬೈಗುಳ ಬೈಯುತ್ತಾನೆ. ಅಲ್ಲಿ ಕೂತಿದ್ದವನು ಬೇರೆ ಬೇರೆ ಬೈಯುತ್ತಾನೆ. ನನ್ನ ಮಟ್ಟಿಗೆ ಈ ಎರಡನೆಯವನೇ ಅಭಿಮಾನಿ.

ಇನ್ನು 2023–24. ಆ ವರ್ಷದ ಬಗ್ಗೆ ಯಾರೂ ಮಾತಾಡಲು ಇಷ್ಟಪಡುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಹಿಂದಿನ ಸೀಸನ್ನಿನಲ್ಲಿ ಡ್ಯುರಾಂಡ್ ಕಪ್ ಗೆದ್ದು, ಐಎಸ್ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತು, ಸೂಪರ್ ಕಪ್ ಫೈನಲ್‌ನಲ್ಲೂ ಸೋತು, ಅಂತೂ ಮೂರಕ್ಕೆ ಮೂರೂ ಫೈನಲ್ ಆಡಿದ ತಂಡ. ಮರುವರ್ಷ 12 ತಂಡಗಳಲ್ಲಿ ಹತ್ತನೆಯದು. ಡಿಸೆಂಬರಿನಲ್ಲಿ ಸೈಮನ್ ಗ್ರೇಸನ್‌ರನ್ನು ಕಳಿಸಿದರು, ಸರಗೋಸಾ ಬಂದರು. ಇಂಗ್ಲೆಂಡಿನಲ್ಲಾದರೆ ಪಟ್ಟಿಯ ತಳದಲ್ಲಿರುವವರಿಗೆ ಕೆಳಗಿನ ಲೀಗ್‌ಗೆ ಜಾರುವ ಭಯವಿರುತ್ತದೆ, ಆ ಭಯಕ್ಕಾದರೂ ಗ್ಯಾಲರಿ ತುಂಬುತ್ತದೆ. ನಮ್ಮಲ್ಲಿ ಅದೂ ಇರಲಿಲ್ಲ. ಪ್ಲೇ-ಆಫ್ ಇಲ್ಲ, ಜಾರುವುದೂ ಇಲ್ಲ. ಕೊನೆಯ ಕೆಲವು ಪಂದ್ಯಗಳು ಅಕ್ಷರಶಃ ಏನನ್ನೂ ತೀರ್ಮಾನಿಸುವಂತಿರಲಿಲ್ಲ. ಕೊನೆಯದು 2024ರ ಏಪ್ರಿಲ್ 11, ಮೋಹನ್ ಬಾಗಾನ್ ಕಂಠೀರವಕ್ಕೆ ಬಂದು 4–0 ಗೆದ್ದಿತು. ನಿನ್ನ ಸ್ನೇಹಿತರು ಕಡಲೇಪುರಿ ಮುಗಿಯುವ ಮೊದಲೇ ಎದ್ದು ಹೋಗಿದ್ದರಂತೆ.

ಅದೇ ವರ್ಷ ಸೆಪ್ಟೆಂಬರ್ 28. ಅದೇ ಬಾಗಾನ್, ಅದೇ ಮೈದಾನ. ಎಡ್ಗರ್ ಮೆಂಡೆಜ್, ಸುರೇಶ್ ವಾಂಗ್ಜಮ್, ಛೆಟ್ರಿಯ ಪೆನಾಲ್ಟಿ, 3–0. ಸ್ಟೇಡಿಯಂ ಎದ್ದು ಕುಣಿಯಿತು. ಕುಣಿದವರಲ್ಲಿ ಏಪ್ರಿಲ್ 11ರಂದು ಕೊನೆಯ ಸೀಟಿಯವರೆಗೆ ಕೂತಿದ್ದವರು ಯಾರು ಅಂತ ನನಗೆ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವರ ಸಂತೋಷದಲ್ಲಿ ಒಂದು ಹಳೆಯ ಬಾಕಿ ವಸೂಲಾದ ತೃಪ್ತಿ ಇತ್ತು. ಉಳಿದವರಿಗೆ ಅದೊಂದು ಒಳ್ಳೆಯ ಶನಿವಾರದ ಸಂಜೆ, ಅಷ್ಟೆ. ಇದು ಸ್ವಲ್ಪ ಅಹಂಕಾರದ ಮಾತು, ಗೊತ್ತು. ಈ ವಯಸ್ಸಿನಲ್ಲಿ ಇಷ್ಟು ಅಹಂಕಾರಕ್ಕೆ ರಿಯಾಯಿತಿ ಇರಲಿ.

ಬೇಡವಾದ ಪಂದ್ಯಗಳಲ್ಲಿ ಇನ್ನೊಂದು ಲಾಭವಿದೆ. ಹೊಸ ಹುಡುಗರು ಕಣ್ಣಿಗೆ ಬೀಳುವುದು ಅಲ್ಲೇ. 2021ರ ಡ್ಯುರಾಂಡ್ ಕಪ್‌ಗೆ ನಮ್ಮವರು ಬಹುಪಾಲು ಎಳೆಯರ ತಂಡವನ್ನೇ ಕಳಿಸಿದರು. ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಆ ಹುಡುಗರು ಸೆಮಿಫೈನಲ್‌ಗೆ ಹೋಗಿ ಗೋವಾ ಎದುರು ಪೆನಾಲ್ಟಿಯಲ್ಲಿ ಸೋತರು. ಅವರಲ್ಲಿ ಶಿವಶಕ್ತಿ ನಾರಾಯಣನ್ ಅನ್ನುವ ಸಣಕಲು ಹುಡುಗ ಒಬ್ಬನಿದ್ದ. 2022–23ರಲ್ಲಿ ತಂಡ ಡಿಸೆಂಬರಿನಲ್ಲಿ ಪಟ್ಟಿಯ ಕೆಳಭಾಗದಲ್ಲಿ ಒದ್ದಾಡುತ್ತಿದ್ದಾಗ, ಆಮೇಲೆ ಸತತ ಎಂಟು ಲೀಗ್ ಪಂದ್ಯ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಏರಿತಲ್ಲ, ಆಗ ಮುಂದೆ ನಿಂತು ಗೋಲು ಹೊಡೆದವರಲ್ಲಿ ಅವನೂ ಒಬ್ಬ. 'ಇವನ್ಯಾರು' ಅಂತ ನೀನು ಕೇಳಿದೆ. ಗೊತ್ತಿದ್ದವರು ಸುಮ್ಮನೆ ನಕ್ಕರು.

ಅದೇ ಸೀಸನ್ನಿನ ಕೇರಳ ಪಂದ್ಯದ ಬಗ್ಗೆ ನಿನಗೊಂದು ಮಾತು, ಯಾಕೆಂದರೆ ನಿನ್ನ ಆಫೀಸಿನಲ್ಲಿ ಅರ್ಧ ಜನ ಮಲಯಾಳಿಗಳು. 2023ರ ಮಾರ್ಚ್ 3, ನಾಕೌಟ್, ಹೆಚ್ಚುವರಿ ಸಮಯ. ಕೇರಳದವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದ, ಗೋಲಾಯಿತು, ರೆಫರಿ ಒಪ್ಪಿದರು. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಹೊರಗೆ ನಡೆದರು. ಅವರಿಗೆ ಆಮೇಲೆ ಹತ್ತು ಪಂದ್ಯದ ನಿಷೇಧ, ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ. ನನ್ನ ಅಭಿಪ್ರಾಯ ಕೇಳಿದರೆ, ಗೋಲು ಗೋಲೇ. ಬಿಟ್ಟು ಹೋದದ್ದು ತಪ್ಪು. ಆದರೂ ಖಾಲಿ ಅರ್ಧ ಮೈದಾನದ ಎದುರು ಸಿಕ್ಕ ಗೆಲುವನ್ನು ಕ್ಯಾಂಟೀನಿನಲ್ಲಿ ದಿನಾ ಎತ್ತಿ ಆಡುವುದು ಬೇಡ. ಅವರು ಆ ರಾತ್ರಿಯನ್ನು ಮರೆತಿಲ್ಲ, ನೀನು ನೆನಪಿಸಬೇಕಾಗಿಲ್ಲ. ಬೇಕಾದರೆ ಛೆಟ್ರಿಯ ಹ್ಯಾಟ್ರಿಕ್ ನೆನಪಿಸು. ಅದರಲ್ಲಿ ಯಾರ ತಕರಾರೂ ಇಲ್ಲ.

ಬಿಟ್ಟುಹೋದ ಆಟಗಾರರನ್ನು ದ್ರೋಹಿ ಅನ್ನುವ ಚಾಳಿಯನ್ನೂ ಬಿಡು. ನಮಗೆ 2019ರ ಕಪ್ಪು ತಂದುಕೊಟ್ಟ ರಾಹುಲ್ ಭೇಕೆ 2021ರಲ್ಲಿ ಮುಂಬೈ ಸಿಟಿಗೆ ಹೋದ. 2023ರ ಸೆಮಿಫೈನಲ್‌ನಲ್ಲಿ ನಾವು ಮುಂಬೈಯನ್ನು ಪೆನಾಲ್ಟಿಯಲ್ಲಿ 9–8ಕ್ಕೆ ಹೊರದಬ್ಬಿದಾಗ ಅವನು ಆ ಕಡೆ. 2024ರಲ್ಲಿ ಮತ್ತೆ ನಮ್ಮ ನೀಲಿ ಅಂಗಿ. ಮಧ್ಯದ ವರ್ಷಗಳಲ್ಲಿ ಅವನನ್ನು ಬೈದವರು ಈಗ ಏನು ಮಾಡಬೇಕು? ಆಟಗಾರನಿಗೆ ಕಾಲು ಗಟ್ಟಿ ಇರುವುದು ಹತ್ತು ಹನ್ನೆರಡು ವರ್ಷ. ಅಷ್ಟರಲ್ಲಿ ಮನೆ ಕಟ್ಟಬೇಕು, ತಂಗಿಯ ಮದುವೆ ಮಾಡಬೇಕು. ಅವನ ಲೆಕ್ಕ ಅವನಿಗೆ.

ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾನೂನು ಬಂದಿದೆ, ಆದರೂ ದಾರಿ ಹುಡುಕುವವರು ಇರುತ್ತಾರೆ. ದುಡ್ಡು ಕಟ್ಟಿದ ಗಳಿಗೆಯಿಂದ ನೀನು ನೋಡುವುದು ಬಿಎಫ್‌ಸಿ ಆಟವನ್ನಲ್ಲ, ನಿನ್ನ ಪರ್ಸನ್ನು. ಅಷ್ಟೇ.

ಇನ್ನೊಂದನ್ನು ಮಾತ್ರ ಗದರಿಯೇ ಹೇಳಬೇಕು. 2025ರ ಜೂನ್ 4ರಂದು ಆರ್‌ಸಿಬಿ ಕಪ್ಪು ಗೆದ್ದ ಸಂಭ್ರಮಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಸೇರಿದ ಜನಸಂದಣಿಯಲ್ಲಿ 11 ಜನ ಸತ್ತರು. ಬಹಳಷ್ಟು ಮಂದಿ ನಿನ್ನ ವಯಸ್ಸಿನವರು. ಕಂಠೀರವದಿಂದ ಅಲ್ಲಿಗೆ ಕಬ್ಬನ್ ಪಾರ್ಕ್ ಬಳಸಿ ನಡೆದುಕೊಂಡೇ ಹೋಗಬಹುದು. ಅಲ್ಲಿ ಜನ ಹೋದದ್ದು ಸೋತ ಸಿಟ್ಟಿಗಲ್ಲ, ಗೆದ್ದ ಖುಷಿಗೆ. ಆದ್ದರಿಂದ ಗೆದ್ದ ದಿನ ಹೆಚ್ಚು ಹುಷಾರಾಗಿರು. ಒಳಗೆ ಹೋಗುವಾಗಲೇ ಹೊರಗೆ ಬರುವ ಗೇಟು ಎಲ್ಲಿದೆ ನೋಡಿಕೋ. ಹಿಂದಿನಿಂದ ನೂಕು ಶುರುವಾದರೆ ಟಿಕೆಟ್ ಹರಿದು ಬಿಸಾಡಿ ಮನೆಗೆ ಬಾ. ಸ್ನೇಹಿತೆಯರು ನಗುತ್ತಾರೆ ಅಂತ ನಿಲ್ಲಬೇಡ. ಯಾವ ಕಪ್ಪೂ ಅಷ್ಟು ಬೆಲೆಯದಲ್ಲ. ಈ ಒಂದು ವಿಷಯದಲ್ಲಿ ನಾನು ನಿಮ್ಮಪ್ಪನ ಕಡೆ.

ಅದೇ 2025ರಲ್ಲಿ ಇನ್ನೊಂದು ನಡೆಯಿತು, ಅದನ್ನು ನೀನು ಮರೆಯಬಾರದು. ಲೀಗ್ ನಡೆಸುವ ಕಂಪನಿಗೂ ಫೆಡರೇಷನ್‌ಗೂ ಇದ್ದ ಒಪ್ಪಂದದ ಅವಧಿ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಅನ್ನುವುದು ಇತ್ಯರ್ಥವಾಗದೆ ಜುಲೈನಲ್ಲಿ ಹೊಸ ಸೀಸನ್ನನ್ನು ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಸದ್ಯಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್ ಬಂತು, ಪಂದ್ಯವಿಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು, ಪಂದ್ಯವಿಲ್ಲ. ಮೊಹಮ್ಮಡನ್ ಎದುರು 1–0 ಸೋಲುವ ಭಾಗ್ಯವೂ ಇರಲಿಲ್ಲ. ಜೆರ್ಸಿ ಹಾಕಿಕೊಂಡು ಬೇಸರದ ಮುಖ ಮಾಡಿ ಹೋಗುತ್ತಿದ್ದ ಆ ಗುರುವಾರಗಳನ್ನು ನೀನೇ ಆಗ ಹುಡುಕಾಡಿದೆ. ಕಡೆಗೆ 2026ರ ಫೆಬ್ರುವರಿಯಲ್ಲಿ ಮೊಟಕುಗೊಂಡ ರೂಪದಲ್ಲಿ ಲೀಗ್ ಶುರುವಾಯಿತು. ಕೆಟ್ಟ ಸೀಸನ್ ಅನ್ನುವುದೂ ಯಾರೋ ದುಡ್ಡು ಹಾಕಿ, ಯಾರೋ ಹುಲ್ಲಿಗೆ ನೀರು ಬಿಟ್ಟು, ಯಾರೋ ಸಂಬಳ ಕೊಟ್ಟಾಗ ಮಾತ್ರ ಸಿಗುವಂಥದ್ದು ಅಂತ ಆ ತಿಂಗಳುಗಳಲ್ಲಿ ಎಲ್ಲರಿಗೂ ಗೊತ್ತಾಯಿತು.

ನಿನಗೆ ಇದು ಹೊಸದು. ನಮ್ಮ ತಲೆಮಾರು ಇದನ್ನು ಮೊದಲೇ ಕಂಡಿದೆ. 1968–69ರಲ್ಲಿ ಬೆಂಗಳೂರಿನಲ್ಲೇ ಸಂತೋಷ್ ಟ್ರೋಫಿ ನಡೆದಾಗ ನಾನು ಹೈಸ್ಕೂಲು ಹುಡುಗ. ನಮ್ಮ ರಾಜ್ಯಕ್ಕೆ ಆಗ ಮೈಸೂರು ಅಂತಲೇ ಹೆಸರು. ನಾವು ಗೆದ್ದೆವು, ಸತತ ಎರಡನೆಯ ಸಲ. ಮುಂದಿನ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚಿನಲ್ಲಿ, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿ. 54 ವರ್ಷ! ಮಧ್ಯೆ ಈ ಊರಿನ ಫುಟ್‌ಬಾಲನ್ನು ಕಾರ್ಖಾನೆಗಳು ಹೊತ್ತುಕೊಂಡಿದ್ದವು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ಯಾವ ತಂಡ ಗೊತ್ತೇ? ಈಸ್ಟ್ ಬೆಂಗಾಲ್ ಅಲ್ಲ, ಬಾಗಾನ್ ಅಲ್ಲ. ದೂರವಾಣಿನಗರದ ಐಟಿಐ. ಟೆಲಿಫೋನ್ ಮಾಡುವ ಕಾರ್ಖಾನೆಯ ತಂಡ, ಫೈನಲ್‌ನಲ್ಲಿ ಬಾಗಾನನ್ನೇ ಸೋಲಿಸಿದ್ದು. ಎಚ್‌ಎಎಲ್ ತಂಡ ಐ-ಲೀಗ್ ತನಕ ಆಡಿತು. ಗೌತಮಪುರದ ಗಲ್ಲಿಗಳಿಂದ, ಆಸ್ಟಿನ್ ಟೌನ್‌ನಿಂದ ಹುಡುಗರು ಬಂದು ಆ ತಂಡಗಳಲ್ಲಿ ಆಡುತ್ತಿದ್ದರು, ಆಟದ ಜೊತೆಗೆ ಕೆಲಸವೂ ಸಿಗುತ್ತಿತ್ತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಪಂದ್ಯಕ್ಕೆ ಜನ ಶಿಫ್ಟು ಮುಗಿಸಿಕೊಂಡು ಬರುತ್ತಿದ್ದರು.

ಆಮೇಲೆ ಬರುವುದು ಕಡಿಮೆಯಾಯಿತು. ಟೀವಿ ಬಂತು, 1983ರ ಕ್ರಿಕೆಟ್ ವಿಶ್ವಕಪ್ ಬಂತು, ಕಾರ್ಖಾನೆಗಳ ಪರಿಸ್ಥಿತಿ ಇಳಿಯಿತು. ಬರೀ ಜನ ಬಾರದ್ದಕ್ಕೆ ತಂಡಗಳು ಮುಳುಗಿದವು ಅಂದರೆ ಸುಳ್ಳಾದೀತು. ಸಂಬಳ ಕೊಡಲಾಗದ ಕಾರ್ಖಾನೆ ಫುಟ್‌ಬಾಲ್ ಎಲ್ಲಿಂದ ಆಡಿಸುತ್ತದೆ? ಆದರೆ ತಂಡ ಮುಚ್ಚಬೇಕು ಅಂತ ಕಾಗದ ಬರೆಯುವ ಅಧಿಕಾರಿಗೆ, ತುಂಬಿದ ಗ್ಯಾಲರಿಯ ಎದುರು ಬರೆಯುವುದು ಕಷ್ಟ, ಖಾಲಿ ಗ್ಯಾಲರಿಯ ಎದುರು ಸುಲಭ. ಅವು ಮುಚ್ಚಿದಾಗ ಊರಿಗೆ ಗೊತ್ತೂ ಆಗಲಿಲ್ಲ.

2013ರ ಸೆಪ್ಟೆಂಬರಿನಲ್ಲಿ ಅದೇ ಅಶೋಕನಗರದ ಸ್ಟೇಡಿಯಂನಲ್ಲಿ ಬಿಎಫ್‌ಸಿ ಮೊದಲ ಪಂದ್ಯ ಆಡಿದಾಗ, ಅವತ್ತೂ ಎದುರಿಗೆ ಬಾಗಾನ್, 1–1, ನಮ್ಮಂಥ ಹಳಬರಿಗೆ ನಂಬಿಕೆ ಅಷ್ಟಾಗಿ ಇರಲಿಲ್ಲ. ಕಂಪನಿಯ ಕ್ಲಬ್ಬು, ಎಷ್ಟು ದಿನವೋ ಅಂತ. ಆದರೆ ಪಶ್ಚಿಮದ ಗ್ಯಾಲರಿಯಲ್ಲಿ ಒಂದಷ್ಟು ಹುಡುಗರು ತೊಂಬತ್ತು ನಿಮಿಷ ನಿಂತೇ ಹಾಡಿದರು. ಅವರೇ ಈಗಿನ ವೆಸ್ಟ್ ಬ್ಲಾಕ್ ಬ್ಲೂಸ್. ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ದೋಹಾ ತನಕ ಹೋಯಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ಕಂಡಿರಲಿಲ್ಲ. ಗೆದ್ದದ್ದು ಆಟಗಾರರು. ಆದರೆ ಗೆಲ್ಲುವ ಮೊದಲೇ, ಇನ್ನೂ ಚರಿತ್ರೆಯೇ ಇಲ್ಲದ ಕ್ಲಬ್ಬಿಗೆ ಗಂಟಲು ಹರಿದುಕೊಂಡವರು ಆ ಹುಡುಗರು. ಅವತ್ತಿನ ಪಂದ್ಯ ಏನನ್ನು ತೀರ್ಮಾನಿಸುವುದಿತ್ತು ಹೇಳು?

ಖಾಲಿ ಗ್ಯಾಲರಿಯ ಇನ್ನೊಂದು ಕತೆ ಕೇಳು. 2018ರಲ್ಲಿ ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0 ಸೋಲಿಸಿದಾಗ ನೋಡಲು ಬಂದವರು 2,569 ಜನ. ಛೆಟ್ರಿ ಮರುದಿನ ಒಂದು ವಿಡಿಯೊ ಮಾಡಿ ಕೈಮುಗಿದು ಕೇಳಿಕೊಂಡದ್ದನ್ನು ನೀನು ನೋಡಿರಲಿಕ್ಕಿಲ್ಲ, ನಿನಗೆ ಆಗ ಚಿಕ್ಕ ವಯಸ್ಸು. ಬಂದು ಬೈಯಿರಿ, ಟೀಕೆ ಮಾಡಿ, ಆದರೆ ಬನ್ನಿ ಅಂತ. ಮುಂದಿನ ಪಂದ್ಯಕ್ಕೆ ಸ್ಟೇಡಿಯಂ ತುಂಬಿತು. ಆ ಮನುಷ್ಯ 2025ರ ಸೆಮಿಫೈನಲ್‌ನಲ್ಲಿ ಗೋವಾದಲ್ಲಿ, 2–0 ಹಿಂದಿದ್ದು ಒಟ್ಟು ಲೆಕ್ಕ ಸಮವಾಗಿ ನಿಂತಿದ್ದಾಗ, 92ನೇ ನಿಮಿಷಕ್ಕೆ ನಲವತ್ತರ ಕುತ್ತಿಗೆ ತಿರುಗಿಸಿ ಹೆಡರ್ ಹೊಡೆದು ನಿನ್ನನ್ನು ಫೈನಲ್‌ಗೆ ಕರೆದುಕೊಂಡು ಹೋದ. ನೀನು ಅತ್ತದ್ದು ಆ ಫೈನಲ್‌ಗೆ. ಆ ಹೆಡರ್ ಇಲ್ಲದಿದ್ದರೆ ಅಳುವುದಕ್ಕೂ ಏನೂ ಇರುತ್ತಿರಲಿಲ್ಲ.

ಸರಿ, ಸಾಕು. ಮುಂದಿನ ಸಲ ಪಟ್ಟಿಯ ತಳದ ತಂಡ ಕಂಠೀರವಕ್ಕೆ ಬರುವ ದಿನ ನನಗೆ ಫೋನ್ ಮಾಡು. ಕಬ್ಬನ್ ಪಾರ್ಕ್ ಮೆಟ್ರೊ ಸ್ಟೇಷನ್ನಿನ ಹೊರಗೆ ಸಿಗುತ್ತೇನೆ. ನಿಂತು ಹಾಡುವ ಕಡೆ ನನಗೆ ಬೇಡ, ಮಂಡಿ ಒಪ್ಪುವುದಿಲ್ಲ. ಪಕ್ಕದ ಸ್ಟ್ಯಾಂಡಿನಲ್ಲಿ ಬೆನ್ನಿಗೆ ಆಸರೆಯಿರುವ ಎರಡು ಸೀಟು ನೋಡು. ಮೂರು ತಗೊಂಡರೂ ಆದೀತು. ನಿಮ್ಮಪ್ಪನ ಐಪಿಎಲ್ ಆಗ ಮುಗಿದಿರುತ್ತದೆ, ಮನೆಯಲ್ಲಿ ಕೂತು ಏನು ಮಾಡುತ್ತಾನೆ?